ಬೆಲ್ ಇತ್ತು, ಬೆತ್ತ ಇರಲಿಲ್ಲ: ಪಾಠ ಆರಿಸುವ ಹಕ್ಕನ್ನು ಮಕ್ಕಳಿಗೇ ಕೊಟ್ಟ ಟಾಲ್‌ಸ್ಟಾಯ್

ಲಿಯೋ ಟಾಲ್‌ಸ್ಟಾಯ್ ಅಂದ ಕೂಡಲೇ ನಮ್ಮ ಕಣ್ಣೆದುರು ಬರೋದು ಉದ್ದ ಗಡ್ಡದ ಅಜ್ಜ, ಕೈಯಲ್ಲಿ ಎತ್ತಲಾರದಷ್ಟು ದಪ್ಪದ ಕಾದಂಬರಿಗಳು. ದೇ. ಜವರೇಗೌಡರು ಈತನ ದೊಡ್ಡ ಕಾದಂಬರಿಗಳನ್ನು ಕನ್ನಡಕ್ಕೆ ತಂದಿದ್ದರಿಂದ ನಮ್ಮ ಲೈಬ್ರರಿಗಳಲ್ಲೂ ಆ ಹೆಸರು ಹೊಸದಲ್ಲ. ಆದರೆ ಆ ಕಾದಂಬರಿಗಳಿಗೂ ಮೊದಲು ಈ ಮನುಷ್ಯ ಮೂರು ವರ್ಷ ಹಳ್ಳಿ ಮೇಷ್ಟ್ರಾಗಿದ್ದ ಅನ್ನೋದು ಅನೇಕರಿಗೆ ಗೊತ್ತಿಲ್ಲ. ಅದೂ ಎಂಥಾ ಶಾಲೆ? ಯಾವ ಪಾಠಕ್ಕೆ ಕೂರಬೇಕು, ಯಾವುದಕ್ಕೆ ಬೇಡ, ಎಷ್ಟು ಹೊತ್ತು ಇರಬೇಕು, ಯಾವಾಗ ಮನೆಗೆ ಹೋಗಬೇಕು ಅನ್ನೋದನ್ನೆಲ್ಲ ಮಕ್ಕಳೇ ತೀರ್ಮಾನಿಸುತ್ತಿದ್ದ ಶಾಲೆ. ನೂರ ಅರವತ್ತು ವರ್ಷಗಳ ಹಿಂದೆ, ಚಾಟಿ ಏಟೇ ಶಿಕ್ಷಣ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ ನಡೆದ ಈ ಕಥೆ ಇವತ್ತಿಗೂ ಓದಬೇಕಾದ್ದು.

ಓದಲ್ಲಿ ಫೇಲ್ ಆದ ಜಮೀನ್ದಾರನ ಮಗ

ಟಾಲ್‌ಸ್ಟಾಯ್ ಹುಟ್ಟಿದ್ದು 1828ರ ಸೆಪ್ಟೆಂಬರ್ 9ರಂದು, ಮಾಸ್ಕೋದಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ದೂರದ ಯಾಸ್ನಾಯಾ ಪೊಲ್ಯಾನಾ ಎಂಬ ಎಸ್ಟೇಟಿನಲ್ಲಿ. ಹತ್ತಿರದ ಪಟ್ಟಣ ತುಲಾ. ಮನೆತನ ದೊಡ್ಡದು, ಕೌಂಟ್ ಎಂಬ ಬಿರುದು ಬೇರೆ. ಎಸ್ಟೇಟಿಗೆ ಸೇರಿದ ರೈತರೆಲ್ಲ ಜೀತದವರು. ಭೂಮಿಯ ಜೊತೆಗೆ ಅವರನ್ನೂ ಕೊಳ್ಳಬಹುದಿತ್ತು, ಮಾರಬಹುದಿತ್ತು. ಅವರ ಮಕ್ಕಳಿಗೆ ಅಕ್ಷರ ಅಂದರೆ ದೂರದ ಮಾತು.

ಎರಡು ವರ್ಷ ತುಂಬುವಷ್ಟರಲ್ಲಿ ತಾಯಿ ತೀರಿಕೊಂಡಳು, ಒಂಬತ್ತರ ಹೊತ್ತಿಗೆ ತಂದೆಯೂ ಹೋದ. ಸೋದರತ್ತೆಯರ ಆಸರೆಯಲ್ಲಿ ಬೆಳೆದ ಹುಡುಗನಿಗೆ ಪಾಠ ಹೇಳಲು ಮನೆಗೇ ಜರ್ಮನ್, ಫ್ರೆಂಚ್ ಮೇಷ್ಟ್ರು ಬರುತ್ತಿದ್ದರು. ಫ್ರೆಂಚ್ ಮೇಷ್ಟ್ರು ಒಮ್ಮೆ ಕೋಣೆಯಲ್ಲಿ ಕೂಡಿಹಾಕಿ ಹೊಡೆಯುವ ಬೆದರಿಕೆ ಹಾಕಿದ್ದು ಅವನ ಮನಸ್ಸಿನಿಂದ ಮುದುಕನಾದ ಮೇಲೂ ಹೋಗಲಿಲ್ಲ.

1844ರಲ್ಲಿ ಕಜಾನ್ ವಿಶ್ವವಿದ್ಯಾಲಯಕ್ಕೆ ಸೇರಿದ. ಮೊದಲು ಆರಿಸಿಕೊಂಡಿದ್ದು ಅರಬ್ಬಿ, ಟರ್ಕಿ ಭಾಷೆಗಳನ್ನು. ಮೊದಲ ವರ್ಷದ ಪರೀಕ್ಷೆಯೇ ಕೈಕೊಟ್ಟಿತು. ಕಾನೂನಿಗೆ ಬದಲಾಯಿಸಿಕೊಂಡ, ಅಲ್ಲೂ ಮನಸ್ಸು ನಿಲ್ಲಲಿಲ್ಲ. ಆಗ ಒಬ್ಬ ಪ್ರೊಫೆಸರ್, ರಷ್ಯದ ರಾಣಿ ಕ್ಯಾಥರೀನ್ ಬರೆಸಿದ ಕಾನೂನು ಸೂತ್ರಗಳನ್ನೂ ಫ್ರಾನ್ಸಿನ ಮಾಂಟೆಸ್ಕ್ಯೂ ಬರೆದ ಗ್ರಂಥವನ್ನೂ ಹೋಲಿಸಿ ನೋಡು ಅಂತ ಒಂದು ಕೆಲಸ ಕೊಟ್ಟ. ಟಾಲ್‌ಸ್ಟಾಯ್ ಅದರಲ್ಲಿ ಮುಳುಗಿಹೋದ. ಮೊದಲ ಬಾರಿಗೆ ಓದಿನ ರುಚಿ ಹತ್ತಿತು. ವಿಚಿತ್ರ ನೋಡಿ, ಆ ರುಚಿಯೇ ಅವನನ್ನು ಕಾಲೇಜು ಬಿಡಿಸಿತು. ತನಗೆ ಬೇಕಾದ್ದನ್ನು ಆಳವಾಗಿ ಓದೋಕೆ ಕ್ಲಾಸು, ಪರೀಕ್ಷೆಗಳೇ ಅಡ್ಡಿ ಅನ್ನಿಸತೊಡಗಿತು. 1847ರಲ್ಲಿ ಡಿಗ್ರಿ ಇಲ್ಲದೆ ಊರಿಗೆ ವಾಪಸ್ಸು.

ಊರಿಗೆ ಬರುವ ಮುಂಚೆ ತಾನೇ ಒಂದು ಸಿಲಬಸ್ ಬರೆದುಕೊಂಡಿದ್ದ. ಎರಡು ವರ್ಷದಲ್ಲಿ ಕಾನೂನು, ವೈದ್ಯ, ಆರು ಭಾಷೆ, ಕೃಷಿ, ಇತಿಹಾಸ, ಭೂಗೋಳ, ಗಣಿತ, ಸಂಗೀತ, ಚಿತ್ರಕಲೆ ಎಲ್ಲ ಕಲಿಯಬೇಕು ಅಂತ. ಹದಿನೆಂಟರ ಹುಡುಗನ ಉಮೇದು. ಮುಗಿಸಿದ್ದು ಅದರಲ್ಲಿ ಸ್ವಲ್ಪವೇ. ಮಾಸ್ಕೋ, ಪೀಟರ್ಸ್‌ಬರ್ಗ್ ಸುತ್ತಾಟ, ಇಸ್ಪೀಟು, ಸಾಲ. ಮುಂದೆ ಹುಟ್ಟಿದ ದೊಡ್ಡ ಮನೆಯನ್ನು ಮಾರಿ ಬಂದ ಹಣವೂ ಇಸ್ಪೀಟಿಗೇ ಹೋಯಿತು. ಆದರೂ ಸ್ವಂತ ಆಸಕ್ತಿಯಿಂದ ಹಿಡಿದ ಓದು ಮಾತ್ರ ತಲೆಯಲ್ಲಿ ಉಳಿಯುತ್ತೆ, ಒತ್ತಾಯದ್ದು ಉಳಿಯೋದಿಲ್ಲ ಅನ್ನೋ ಪಾಠ ಅವನಿಗೆ ತನ್ನ ಮೈಮೇಲೇ ಸಿಕ್ಕಿತ್ತು.

1849ರಲ್ಲಿ ರೈತರ ಮಕ್ಕಳಿಗಾಗಿ ಒಂದು ಪುಟ್ಟ ಶಾಲೆ ಶುರುಮಾಡಿದ್ದುಂಟು, ಬಹಳ ದಿನ ನಡೆಯಲಿಲ್ಲ. 1851ರಲ್ಲಿ ಅಣ್ಣನ ಜೊತೆ ಕಾಕಸಸ್ ಬೆಟ್ಟಗಳಿಗೆ ಹೋಗಿ ಸೈನ್ಯ ಸೇರಿದ. ಕ್ರೈಮಿಯಾ ಯುದ್ಧದಲ್ಲಿ ಸೆವಾಸ್ತಪೋಲಿನ ಕೋಟೆಯೊಳಗೆ ತೋಪುಗಳ ನಡುವೆ ನಿಂತ. ಅಲ್ಲಿಂದ ಬರೆದ ಕಥನಗಳು ಹೆಸರು ತಂದುಕೊಟ್ಟವು. ಮೂವತ್ತರ ಹೊತ್ತಿಗೆ ರಷ್ಯದ ದೊಡ್ಡ ಲೇಖಕರ ಸಾಲಿನಲ್ಲಿ ಜಾಗ ಸಿಕ್ಕಿತ್ತು. ಆದರೆ ಓದೋಕೇ ಬಾರದ ಜನರ ನಡುವೆ ಕೂತು ಯಾರಿಗಾಗಿ ಬರೆಯೋದು ಅನ್ನೋ ಪ್ರಶ್ನೆ ಕೊರೆಯುತ್ತಿತ್ತು. 1859ರ ಶರತ್ಕಾಲದಲ್ಲಿ ಬರವಣಿಗೆ ಬದಿಗಿಟ್ಟು ಮತ್ತೆ ಶಾಲೆ ತೆರೆದ. ಈ ಸಲ ಪೂರ್ತಿ ಮನಸ್ಸಿಟ್ಟು.

ಯೂರೋಪಿನ ಶಾಲೆ ನೋಡಿ ಬಂದಾಗ

ಮಕ್ಕಳಿಗೆ ಕಲಿಸೋದು ಹೇಗೆ ಅಂತ ತಿಳಿಯೋಕೆ 1860ರಲ್ಲಿ ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್, ಬೆಲ್ಜಿಯಂ ಸುತ್ತಿದ. ಪ್ರವಾಸಕ್ಕೆ ಇನ್ನೊಂದು ಕಾರಣವೂ ಇತ್ತು. ಪ್ರೀತಿಯ ಅಣ್ಣ ನಿಕೊಲಾಯ್‌ಗೆ ಕ್ಷಯ. ಆ ಅಣ್ಣ ಫ್ರಾನ್ಸಿನ ಕಡಲತೀರದ ಇಯೇರ್ ಎಂಬ ಊರಲ್ಲಿ ತಮ್ಮನ ಕಣ್ಣೆದುರೇ ಪ್ರಾಣ ಬಿಟ್ಟ. ಆ ದುಃಖದ ನಡುವೆಯೂ ಟಾಲ್‌ಸ್ಟಾಯ್ ಶಾಲೆಗಳ ಬಾಗಿಲು ತಟ್ಟೋದನ್ನು ನಿಲ್ಲಿಸಲಿಲ್ಲ. ಇಂಗ್ಲೆಂಡಿನಲ್ಲಿ ಕವಿಯೂ ಶಾಲಾ ಇನ್‌ಸ್ಪೆಕ್ಟರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್, ಲಂಡನ್ನಿನ ಶಾಲೆಗಳನ್ನು ನೋಡಲು ಪತ್ರ ಬರೆದುಕೊಟ್ಟ.

ಜರ್ಮನಿಯಲ್ಲಿ ಕಂಡಿದ್ದು ಅವನನ್ನು ಬೆಚ್ಚಿಬೀಳಿಸಿತು. ರಾಜನಿಗೆ ಪ್ರಾರ್ಥನೆ, ಬಾಯಿಪಾಠ, ಏಟು, ಹೆದರಿ ಕಂಗಾಲಾದ ಮಕ್ಕಳು. ಆಗ ಜಗತ್ತಿಗೇ ಮಾದರಿ ಅನ್ನಿಸಿಕೊಂಡಿದ್ದ ಶಾಲೆಗಳು ಅವು! ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದಲ್ಲಿ ಇನ್ನೊಂದು ವಿಷಯ ಗಮನಕ್ಕೆ ಬಂತು. ಅಲ್ಲಿನ ಶಾಲೆಗಳಲ್ಲಿ ಮಕ್ಕಳು ಪ್ರಶ್ನೋತ್ತರ ಗಿಳಿಪಾಠ ಒಪ್ಪಿಸುತ್ತಿದ್ದರು, ಸ್ವಲ್ಪ ತಿರುಗಿಸಿ ಕೇಳಿದರೆ ತಬ್ಬಿಬ್ಬು. ಆದರೆ ಅದೇ ಊರಿನ ಕೂಲಿಕಾರರು ಮಾತಿನಲ್ಲಿ ಚುರುಕು, ಲೋಕಜ್ಞಾನದಲ್ಲಿ ಗಟ್ಟಿ. ಇವರು ಕಲಿತಿದ್ದೆಲ್ಲಿ ಅಂತ ಹುಡುಕಿದರೆ ಉತ್ತರ ಬೀದಿಯಲ್ಲಿತ್ತು. ಕಾಫಿ ಅಂಗಡಿಗಳ ನಾಟಕ, ಹಾಡು, ಅಗ್ಗದ ಕಾದಂಬರಿ, ಮ್ಯೂಸಿಯಂ, ಲೈಬ್ರರಿ. ಬೇಕು ಅನ್ನಿಸಿದಾಗ ಹೋಗಿ ಬೇಕಾದ್ದನ್ನು ತೆಗೆದುಕೊಂಡು ಬಂದವರು ಅವರು. ಬಲವಂತವಾಗಿ ಕೂರಿಸಿದ ಕಡೆ ಕಲಿಕೆ ಇಲ್ಲ, ಯಾರೂ ಕೂರಿಸದ ಕಡೆ ಕಲಿಕೆ ಇದೆ. ಟಾಲ್‌ಸ್ಟಾಯ್ ಊರಿಗೆ ಹೊತ್ತು ತಂದ ಮುಖ್ಯ ಸರಕು ಇದೇ.

1861ರ ವಸಂತದಲ್ಲಿ ಅವನು ಮರಳುವಷ್ಟರಲ್ಲಿ ರಷ್ಯ ಬದಲಾಗಿತ್ತು. ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ಜೀತಪದ್ಧತಿ ರದ್ದು ಮಾಡಿದ್ದ. ಹಳ್ಳಿಯ ಮಕ್ಕಳು ಈಗ ಕಾನೂನಿನ ಕಣ್ಣಲ್ಲಿ ಯಾರ ಆಸ್ತಿಯೂ ಅಲ್ಲ. ಆದರೆ ಸ್ವತಂತ್ರ ಮನುಷ್ಯನನ್ನು ಬೆಳೆಸೋ ಶಾಲೆ ಎಲ್ಲಿತ್ತು?

ಹೀಗಿತ್ತು ಆ ಶಾಲೆ

ಎರಡು ಅಂತಸ್ತಿನ ಕಲ್ಲಿನ ಕಟ್ಟಡ. ಎರಡು ಕೋಣೆ ಪಾಠಕ್ಕೆ, ಎರಡು ಮೇಷ್ಟ್ರುಗಳಿಗೆ, ಇನ್ನೊಂದು ಪ್ರಯೋಗದ ಸಾಮಾನಿಗೆ. ಜಗಲಿಯಲ್ಲಿ ಹಗ್ಗ ಕಟ್ಟಿದ ಗಂಟೆ. ಕೆಳಗೆ ಕಸರತ್ತಿನ ಕಂಬಗಳು, ಮೇಲಿನ ಪಡಸಾಲೆಯಲ್ಲಿ ಬಡಗಿಯ ಮೇಜು. ಗೋಡೆಗೆ ಟೈಮ್ ಟೇಬಲ್ಲೂ ತೂಗುತ್ತಿತ್ತು. ಸುಮಾರು 40 ಮಕ್ಕಳು, ಅದರಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟೇ. ಹೆಚ್ಚಿನವರು ಏಳರಿಂದ ಹದಿಮೂರು ವರ್ಷದವರು. ಆಗೊಮ್ಮೆ ಈಗೊಮ್ಮೆ ದೊಡ್ಡವರೂ ಬಂದು ಕೂರುತ್ತಿದ್ದರು. ಫೀಸು ಇಲ್ಲ. ಟಾಲ್‌ಸ್ಟಾಯ್ ಸೇರಿ ನಾಲ್ಕು ಮಂದಿ ಮೇಷ್ಟ್ರು. ಓದು, ಬರಹ, ಲೆಕ್ಕ, ವ್ಯಾಕರಣ, ಬೈಬಲ್ ಕಥೆ, ರಷ್ಯದ ಇತಿಹಾಸ, ವಿಜ್ಞಾನ, ಚಿತ್ರ, ಹಾಡು ಸೇರಿ ಒಟ್ಟು 12 ವಿಷಯ.

ಬೆಳಿಗ್ಗೆ ಎಂಟಕ್ಕೆ ಗಂಟೆ. ಅರ್ಧ ಗಂಟೆಯಲ್ಲಿ ಕಣಿವೆಯಾಚೆಯ ಹಳ್ಳಿಯಿಂದ ಮಂಜಿನಲ್ಲಿ ಇಬ್ಬಿಬ್ಬರಾಗಿ ಮೂವರಾಗಿ ಮಕ್ಕಳು ನಡೆದು ಬರೋರು. ಯಾರ ಬೆನ್ನಲ್ಲೂ ಚೀಲ ಇಲ್ಲ, ಕೈಯಲ್ಲಿ ಪುಸ್ತಕ ಇಲ್ಲ. ಹೋಂವರ್ಕ್ ಅನ್ನೋದೇ ಇರಲಿಲ್ಲ. ನಿನ್ನೆಯ ಪಾಠ ನೆನಪಿಟ್ಟುಕೊಂಡು ಬರಲೇಬೇಕು ಅನ್ನೋ ಭಯವೂ ಇಲ್ಲ. ತಡವಾಗಿ ಬಂದವರಿಗೆ ಗದರಿಕೆ ಇಲ್ಲ. ಆದರೂ ತಡ ಮಾಡಿ ಬರುವವರು ಕಡಿಮೆ.

ಒಳಗೆ ಬಂದವರು ಮೊದಲು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡಿ ಗಲಾಟೆ ಮಾಡೋರು. ಮೇಷ್ಟ್ರು ಸುಮ್ಮನೆ ಕಪಾಟು ತೆಗೆದು ಪುಸ್ತಕ ಹಂಚತೊಡಗಿದರೆ ಒಬ್ಬೊಬ್ಬರೇ ಬಿಡಿಸಿಕೊಂಡು ಬಂದು ಪುಸ್ತಕ ಕೇಳೋರು. ಕೊನೆಗೆ ಹೊರಳಾಡುತ್ತಿದ್ದ ಇಬ್ಬರಿಗೆ ಉಳಿದವರೇ ಗದ್ದಲ ಬೇಡ ಅಂತ ಹೇಳೋರು. ಕೂರೋದು ಅವರವರ ಇಷ್ಟ. ಬೆಂಚು, ಮೇಜು, ಕಿಟಕಿಯ ಕಟ್ಟೆ, ನೆಲ, ಎಲ್ಲಿ ಬೇಕಾದರೂ.

ಟೈಮ್ ಟೇಬಲ್ ಗೋಡೆಯ ಮೇಲಿದ್ದರೂ ಅದರ ಮಾತು ನಡೆಯುತ್ತಿದ್ದುದು ಮಕ್ಕಳು ಒಪ್ಪಿದರೆ ಮಾತ್ರ. ಒಂದು ಗಂಟೆಯ ಲೆಕ್ಕದ ಪಾಠ ರುಚಿಸಿದರೆ ಮೂರು ಗಂಟೆ ನಡೆಯೋದು. ಮೇಷ್ಟ್ರು ನಿಲ್ಲಿಸಿದರೂ ಇನ್ನೂ ಬೇಕು ಅಂತ ಹಟ. ಬೇಸರ ಬಂದವರು ಎದ್ದು ಇನ್ನೊಂದು ಕೋಣೆಗೆ ಹೋಗಬಹುದು. ಒಬ್ಬನಿಗೆ ಮನೆ ನೆನಪಾಗಿ ಕೋಟು ಹಾಕಿಕೊಂಡರೆ ಇಡೀ ಕ್ಲಾಸೇ ಎದ್ದು ಇಳಿಜಾರಿನಲ್ಲಿ ಓಡಿಬಿಡೋದೂ ಉಂಟು. ವಾರಕ್ಕೆ ಒಂದೆರಡು ಸಲ ಹೀಗಾಗುತ್ತಿತ್ತು. ಮೇಷ್ಟ್ರುಗಳಿಗೆ ಮುಖಭಂಗವೇ. ಆದರೆ ಟಾಲ್‌ಸ್ಟಾಯ್ ಲೆಕ್ಕ ಬೇರೆ. ಎದ್ದು ಹೋಗುವ ಬಾಗಿಲು ತೆರೆದೇ ಇದ್ದರೂ ಮಕ್ಕಳು ದಿನಕ್ಕೆ ಐದಾರು ಏಳು ಪಾಠಕ್ಕೆ ಕೂರುತ್ತಾರಲ್ಲ, ಆ ಪಾಠಗಳಲ್ಲಿ ಏನೋ ಸತ್ವ ಇದೆ ಅಂತ ಗೊತ್ತಾಗೋದೇ ಹೀಗೆ ಅಂತ ಅವನ ವಾದ.

ಇಲ್ಲೇ ಇಡೀ ವಿಚಾರದ ತಿರುಳು ಇರೋದು. ಮಕ್ಕಳಿಗೆ ಆಯ್ಕೆ ಕೊಡೋದು ಅವರನ್ನು ಮುದ್ದು ಮಾಡೋಕಲ್ಲ, ಮೇಷ್ಟ್ರನ್ನು ಪರೀಕ್ಷೆ ಮಾಡೋಕೆ. ಮಗು ಪಾಠ ಬೇಡ ಅಂದರೆ ಮಗು ದಡ್ಡ ಅಂತಲ್ಲ, ಪಾಠ ಹೇಳುವ ರೀತಿ ಸರಿಯಿಲ್ಲ ಅಂತ ಅರ್ಥ. ಬಲವಂತ ಇದ್ದರೆ ಕೆಟ್ಟ ಪಾಠವೂ ನೂರು ವರ್ಷ ನಡೆಯುತ್ತೆ, ಯಾರಿಗೂ ತಿಳಿಯೋದೇ ಇಲ್ಲ.

ಫೇಲಾದ ಪಾಠಗಳು

ಈ ಪರೀಕ್ಷೆಯಲ್ಲಿ ಟಾಲ್‌ಸ್ಟಾಯ್ ತಾನೇ ಎಷ್ಟೋ ಸಲ ಫೇಲಾದ. ಅದನ್ನು ಮುಚ್ಚಿಡದೆ ತಾನೇ ಹೊರಡಿಸುತ್ತಿದ್ದ ಪತ್ರಿಕೆಯಲ್ಲಿ ಬರೆದ. ಊರಿನ ಹೆಸರಿನದೇ ಆ ಪತ್ರಿಕೆಯ 12 ಸಂಚಿಕೆಗಳು ಹೊರಬಂದವು.

ವ್ಯಾಕರಣ ಯಾರಿಗೂ ಹಿಡಿಸಲಿಲ್ಲ. ಭೂಗೋಳದ ಪಾಠ ನೆಲ ಕಚ್ಚಿತು. ಪ್ರಾಚೀನ ಕಾಲದಿಂದ ಕ್ರಮವಾಗಿ ಹೇಳಿದ ಇತಿಹಾಸ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಗೆ ಹೋಯಿತು. ಆದರೆ ಒಂದು ಸಂಜೆ ನೆಪೋಲಿಯನ್ 1812ರಲ್ಲಿ ರಷ್ಯದ ಮೇಲೆ ದಂಡೆತ್ತಿ ಬಂದ ಕಥೆ ಶುರುಮಾಡಿದಾಗ ನೋಡಬೇಕಿತ್ತು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಸೈನ್ಯ ಹಿಂದೆ ಸರಿದಾಗ ಸಿಟ್ಟು, ಶತ್ರು ಸೋತಾಗ ಕೇಕೆ. ಟಾಲ್‌ಸ್ಟಾಯ್ ಇದನ್ನೂ ತನ್ನ ಗೆಲುವು ಅಂತ ಬೀಗಲಿಲ್ಲ. ಮಕ್ಕಳನ್ನು ಹಿಡಿದಿಟ್ಟಿದ್ದು ಇತಿಹಾಸ ಅಲ್ಲ, ಕಥೆಯ ಬಿಸಿ ಮತ್ತು ದೇಶಾಭಿಮಾನ ಅಂತ ಒಪ್ಪಿಕೊಂಡ. ಮುಂದೆ ಅದೇ 1812 ಅವನ ದೊಡ್ಡ ಕಾದಂಬರಿಯ ನಡುಮನೆಯಾಯಿತು.

ರಾಬಿನ್ಸನ್ ಕ್ರೂಸೋ ಓದಿಸಿದ, ಮಕ್ಕಳು ಬೇಸತ್ತು ಬಿಟ್ಟರು. ಜನಪದ ಕಥೆ, ಗಾದೆ, ಬೈಬಲ್ಲಿನ ಹಳೇ ಕಥೆಗಳು ಮಾತ್ರ ಎಷ್ಟು ಸಲ ಹೇಳಿದರೂ ಬೇಕು. ಅಕ್ಷರ ಕಲಿಸೋಕೂ ಒಂದೇ ದಾರಿ ಅಂತ ಇಟ್ಟುಕೊಳ್ಳಲಿಲ್ಲ. ಒಬ್ಬ ಅಕ್ಷರ ಕೂಡಿಸಿ ಕಲಿತ, ಇನ್ನೊಬ್ಬ ಗೊತ್ತಿರುವ ಪ್ರಾರ್ಥನೆಯನ್ನು ಪುಸ್ತಕದಲ್ಲಿ ಹುಡುಕುತ್ತಾ ಕಲಿತ, ಮತ್ತೊಬ್ಬ ಮೇಷ್ಟ್ರ ಜೊತೆಗೇ ಗಟ್ಟಿಯಾಗಿ ಓದುತ್ತಾ ಕಲಿತ. ಯಾವುದು ಯಾರಿಗೆ ಒಗ್ಗುತ್ತೋ ಅದೇ ಅವರ ದಾರಿ.

ಕಳ್ಳ ಎಂಬ ಚೀಟಿ

ಶಿಕ್ಷೆಯ ವಿಷಯದಲ್ಲಿ ಅವನಿಗೆ ಕಲಿಸಿದ್ದು ಒಬ್ಬ ಹುಡುಗ. ಶಾಲೆಯಲ್ಲಿ ಸಾಮಾನು ಕಳುವಾಗತೊಡಗಿದವು. ಕದ್ದವನು ಸಿಕ್ಕಿಬಿದ್ದ. ಏನು ಮಾಡೋದು ಅಂತ ಮಕ್ಕಳನ್ನೇ ಕೇಳಿದಾಗ ಅವರು ತೀರ್ಪು ಕೊಟ್ಟರು: ಅಂಗಿಯ ಮೇಲೆ ಕಳ್ಳ ಅಂತ ಚೀಟಿ ಹೊಲಿಯಬೇಕು. ಹಾಗೇ ಆಯಿತು. ಅದೇ ಹುಡುಗ ಮತ್ತೆ ಕದ್ದ, ಮತ್ತೆ ಚೀಟಿ. ಆಗ ಟಾಲ್‌ಸ್ಟಾಯ್ ಆ ಮುಖವನ್ನು ಹತ್ತಿರದಿಂದ ನೋಡಿದ. ನಾಚಿಕೆಯಲ್ಲಿ ಬೆಂದು, ಕಲ್ಲಾಗುತ್ತಿದ್ದ ಮುಖ. ಚೀಟಿ ಕಿತ್ತುಹಾಕಿ, ನಿನಗೆ ಬೇಕಾದ ಕಡೆ ಹೋಗು ಅಂತ ಕಳಿಸಿಬಿಟ್ಟ. ಹುಡುಗನನ್ನು ತಿದ್ದುವ ಹಕ್ಕು ತನಗೆ ಯಾರು ಕೊಟ್ಟರು, ಅವನ ಮನೆಯ ಬಡತನ, ಅವನ ಮನಸ್ಸಿನ ಒಳಗು ತನಗೇನು ಗೊತ್ತು ಅನ್ನೋ ಪ್ರಶ್ನೆ ಅವನನ್ನು ಬಿಡಲಿಲ್ಲ. ಅಲ್ಲಿಂದಾಚೆ ಶಿಕ್ಷೆ ಅನ್ನೋದರ ಮೇಲೇ ನಂಬಿಕೆ ಹೋಯಿತು.

ಊರವರಿಗೆ ಮೊದಮೊದಲು ಇದೆಲ್ಲ ಅನುಮಾನವೇ. ಹೊಡೆಯದೆ ವಿದ್ಯೆ ಹೇಗೆ ಬರುತ್ತೆ ಅಂತ ಕೆಲವು ಅಪ್ಪಂದಿರು ಮಕ್ಕಳನ್ನು ಬಿಡಿಸಿಕೊಂಡೂ ಹೋದರು. ದೊರೆ ಪುಕ್ಕಟೆ ಓದಿಸ್ತಾನೆ ಅಂದರೆ ಏನೋ ಒಳಗುಟ್ಟಿರಬೇಕು ಅಂತ ಪಿಸುಮಾತು. ಮಗ ಅಕ್ಷರ ಓದಿ ತೋರಿಸಿದ ಮೇಲೆ ಆ ಪಿಸುಮಾತು ನಿಧಾನಕ್ಕೆ ಅಡಗಿತು. ಸುತ್ತಮುತ್ತಲ ಹಳ್ಳಿಗಳಲ್ಲಿ ಇದೇ ಮಾದರಿಯ ಹತ್ತಕ್ಕೂ ಹೆಚ್ಚು ಶಾಲೆಗಳು ಎದ್ದವು. ವಿಶ್ವವಿದ್ಯಾಲಯದಿಂದ ಹೊರಬಿದ್ದ ಹುಡುಗರು ಅಲ್ಲಿ ಮೇಷ್ಟ್ರುಗಳಾದರು.

ಇಬ್ಬರು ಹುಡುಗರು ಬರೆದ ಕಥೆ

ಶಾಲೆಯಲ್ಲಿ ನಡೆದ ಒಂದು ಘಟನೆ ಟಾಲ್‌ಸ್ಟಾಯ್‌ನನ್ನೇ ಅಲ್ಲಾಡಿಸಿತು. ಒಂದು ಗಾದೆ ಕೊಟ್ಟು ಅದರ ಮೇಲೆ ಕಥೆ ಬರೆಯಲು ಹೇಳಿದ. ಮಕ್ಕಳು ಒಪ್ಪಲಿಲ್ಲ, ನೀವೇ ಬರೆದು ತೋರಿಸಿ ಅಂದರು. ಸರಿ ಅಂತ ತಾನೇ ಶುರುಮಾಡಿದ. ಸೆಮ್ಕಾ, ಫೆದ್ಕಾ ಎಂಬ ಹತ್ತು-ಹನ್ನೆರಡರ ಹುಡುಗರು ಬೆನ್ನ ಹಿಂದೆ ಬಂದು ನಿಂತು ಇಣುಕಿದರು. ಹಾಗಲ್ಲ, ಆ ಮುದುಕ ಹಾಗೆ ಮಾತಾಡೋದಿಲ್ಲ, ಅವನ ಹೆಂಡತಿ ಹೀಗೆ ನಡ್ಕೋತಾಳೆ ಅಂತ ತಿದ್ದತೊಡಗಿದರು. ಹೊತ್ತು ಸರಿದು ರಾತ್ರಿಯಾದರೂ ಮನೆ ನೆನಪಿಲ್ಲ. ಫೆದ್ಕಾ ಹೇಳುವ ಒಂದೊಂದು ಸಣ್ಣ ವಿವರವೂ ಎಷ್ಟು ಅಳತೆಯಾಗಿ ಕೂರುತ್ತಿತ್ತೆಂದರೆ, ರಷ್ಯದ ಹೆಸರಾಂತ ಲೇಖಕ ಬರೀ ಬರೆದುಕೊಳ್ಳುವ ಗುಮಾಸ್ತನಾಗಿಬಿಟ್ಟ.

ಟಾಲ್‌ಸ್ಟಾಯ್ ಕೆಲವು ದಿನ ಊರಲ್ಲಿರಲಿಲ್ಲ. ಅಷ್ಟರಲ್ಲಿ ಆಟದ ಭರದಲ್ಲಿ ಆ ಹಾಳೆಗಳು ಉಳಿದ ಮಕ್ಕಳ ಕೈಗೆ ಸಿಕ್ಕಿ ಹಾಳಾದವು. ತಿಳಿದಾಗ ಅವನಿಗೆ ಆದ ಸಂಕಟ ಅಷ್ಟಿಷ್ಟಲ್ಲ. ಫೆದ್ಕಾ, ಸೆಮ್ಕಾ ಇದನ್ನು ನೋಡಿದರು. ಆ ರಾತ್ರಿ ಅವರಿಬ್ಬರೂ ಮನೆಗೆ ಹೋಗದೆ ಅಲ್ಲೇ ಉಳಿದು, ನೆನಪಿನಿಂದ ಇಡೀ ಕಥೆ ಮತ್ತೆ ಕಟ್ಟಿಕೊಟ್ಟರು. ಯಾರೂ ಹೇಳಿರಲಿಲ್ಲ, ಅಂಕ ಇರಲಿಲ್ಲ, ಬಹುಮಾನ ಇರಲಿಲ್ಲ. ಆ ಕಥೆ ಪತ್ರಿಕೆಯಲ್ಲಿ ಅಚ್ಚಾಯಿತು. ಬರೆಯೋದನ್ನು ರೈತರ ಮಕ್ಕಳು ನಮ್ಮಿಂದ ಕಲಿಯಬೇಕೋ, ನಾವೇ ಅವರಿಂದ ಕಲಿಯಬೇಕೋ ಅಂತ ಒಂದು ಲೇಖನವನ್ನೇ ಟಾಲ್‌ಸ್ಟಾಯ್ ಬರೆದ.

ಇನ್ನೊಂದು ಚಳಿಗಾಲದ ರಾತ್ರಿ, ಪಾಠ ಮುಗಿದ ಮೇಲೆ ಮಕ್ಕಳ ಜೊತೆ ಕಾಡಿನ ಕಡೆ ನಡೆದು ಹೋದ. ತೋಳಗಳ ಸುದ್ದಿ ಇದ್ದದ್ದರಿಂದ ಹುಡುಗರಿಗೆ ಹೆದರಿಕೆಯೂ ಹೌದು, ಹುರುಪೂ ಹೌದು. ಕಾಕಸಸ್ಸಿನ ಹೋರಾಟಗಾರರ ಕಥೆ ಹೇಳುತ್ತಾ ಹೋದಾಗ ಫೆದ್ಕಾ ಮೇಷ್ಟ್ರ ಎರಡು ಬೆರಳು ಹಿಡಿದುಕೊಂಡ. ಆಮೇಲೆ ಪ್ರಶ್ನೆ ಬಂತು. ಹಾಡು ಯಾಕೆ ಕಲೀಬೇಕು, ಚಿತ್ರ ಯಾಕೆ ಬರೀಬೇಕು? ಉಪಯೋಗ ಇರೋದು ಮಾತ್ರ ಬೇಕಾ, ಚಂದ ಇರೋದೂ ಬೇಕಾ? ಸಿಲಬಸ್ಸಿನಲ್ಲಿ ಇಲ್ಲದ ಆ ಪಾಠ ಹಿಮದ ಮೇಲೆ ನಡೆಯುತ್ತಾ ಬಹಳ ಹೊತ್ತು ಸಾಗಿತು.

ಪೊಲೀಸರು ಬಂದರು

ಇಂಥ ಶಾಲೆ ಎಲ್ಲರಿಗೂ ಇಷ್ಟವಾಗೋಕೆ ಸಾಧ್ಯವಾ? ಜೀತ ರದ್ದಾದ ಮೇಲೆ ರೈತರಿಗೂ ಜಮೀನ್ದಾರರಿಗೂ ನಡುವಿನ ವ್ಯಾಜ್ಯ ತೀರಿಸುವ ಪಂಚಾಯ್ತಿದಾರನ ಕೆಲಸವೂ ಟಾಲ್‌ಸ್ಟಾಯ್ ಹೆಗಲಿಗೆ ಬಿದ್ದಿತ್ತು. ರೈತರ ಪರ ವಾಲುತ್ತಾನೆ ಅಂತ ಸುತ್ತಲ ಜಮೀನ್ದಾರರಿಗೆ ಸಿಟ್ಟು. ದೂರಿನ ಮೇಲೆ ದೂರು. 1862ರಲ್ಲಿ ಆ ಹುದ್ದೆ ಬಿಟ್ಟ. ಸರ್ಕಾರಕ್ಕೂ ಅನುಮಾನ. ವಿಶ್ವವಿದ್ಯಾಲಯದಿಂದ ಹೊರಹಾಕಿದ ಹುಡುಗರೆಲ್ಲ ಇಲ್ಲಿ ಸೇರಿಕೊಂಡು ಏನು ಮಾಡ್ತಿದ್ದಾರೆ? ಒಬ್ಬ ಬೇಹುಗಾರ, ಅಲ್ಲಿ ಗುಪ್ತ ಮುದ್ರಣಾಲಯ ಇದೆ ಅಂತ ಸುಳ್ಳು ವರದಿ ಕೊಟ್ಟ.

1862ರ ಬೇಸಿಗೆಯಲ್ಲಿ ಟಾಲ್‌ಸ್ಟಾಯ್ ಆರೋಗ್ಯ ಸುಧಾರಿಸಿಕೊಳ್ಳಲು ಕುದುರೆ ಹಾಲಿನ ಕುಮಿಸ್ ಚಿಕಿತ್ಸೆಗೆ ಸಮಾರಾ ಬಯಲಿಗೆ ಹೋಗಿದ್ದ. ಜೊತೆಗೆ ಇಬ್ಬರು ಶಿಷ್ಯರನ್ನೂ ಕರೆದೊಯ್ದಿದ್ದ. ಆ ಜುಲೈನಲ್ಲಿ ಗಾಡಿಗಳಲ್ಲಿ ಪೊಲೀಸ್ ಪಡೆ ಯಾಸ್ನಾಯಾ ಪೊಲ್ಯಾನಾಕ್ಕೆ ನುಗ್ಗಿತು. ಮನೆಯಲ್ಲಿದ್ದುದು ವಯಸ್ಸಾದ ಅತ್ತೆ ಮತ್ತು ತಂಗಿ. ಎರಡು ದಿನ ಶೋಧ. ಕಪಾಟು ಒಡೆದರು, ಖಾಸಗಿ ಪತ್ರ, ಡೈರಿ ಓದಿದರು, ಲಾಯದ ನೆಲ ಕಿತ್ತರು, ಕೆರೆಗೆ ಬಲೆ ಹಾಕಿ ಜಾಲಾಡಿದರು. ಸಿಕ್ಕಿದ್ದು ಏನೂ ಇಲ್ಲ.

ಆದರೆ ಹೋಗಬೇಕಾದ್ದು ಹೋಗಿತ್ತು. ಮಕ್ಕಳನ್ನು ಅಲ್ಲಿಗೆ ಕಳಿಸೋದೇ ಅಪಾಯ ಅಂತ ಊರವರ ಮನಸ್ಸಿಗೆ ಬಂದರೆ ಸಾಕಲ್ಲ. ಚಕ್ರವರ್ತಿಗೇ ಪತ್ರ ಬರೆದು ತನ್ನ ಮಾನ ಹೋದ ಬಗ್ಗೆ ನೋವು ತೋಡಿಕೊಂಡ. ಅದೇ ಸೆಪ್ಟೆಂಬರಿನಲ್ಲಿ, 34ರ ಟಾಲ್‌ಸ್ಟಾಯ್ 18ರ ಸೋಫಿಯಾಳನ್ನು ಮದುವೆಯಾದ. ಮೇಷ್ಟ್ರು ಹುಡುಗರು ಒಬ್ಬೊಬ್ಬರಾಗಿ ಹೊರಟರು. ಶಾಲೆ ಮುಚ್ಚಿತು. ಪೊಲೀಸರೇ ಮುಚ್ಚಿಸಿದರು ಅಂತ ಹೇಳಿಬಿಡೋದು ಸುಲಭ. ನಿಜ ಅಂದರೆ ಮೇಷ್ಟ್ರ ಮನಸ್ಸೂ ಮನೆಯ ಕಡೆ, ಕಾದಂಬರಿಯ ಕಡೆ ತಿರುಗಿತ್ತು. ಅವನು ತಿರುಗಿದಾಗ ಶಾಲೆ ಉಳಿಯಲಿಲ್ಲ. ಮಕ್ಕಳ ಸ್ವಾತಂತ್ರ್ಯ ಒಬ್ಬ ದೊಡ್ಡ ಮನುಷ್ಯನ ಉತ್ಸಾಹದ ಮೇಲೆ ನಿಂತಿದ್ದೇ ಆ ಶಾಲೆಯ ದೌರ್ಬಲ್ಯ.

ಮತ್ತೆ ಅಕ್ಷರಮಾಲೆಗೆ

ಯುದ್ಧ ಮತ್ತು ಶಾಂತಿ ಮುಗಿಯಿತು. ಲೋಕವೆಲ್ಲ ಹೊಗಳಿತು. ಅದಾದ ಮೇಲೆ ಟಾಲ್‌ಸ್ಟಾಯ್ ಹಿಡಿದ ಕೆಲಸ ಯಾವುದು ಗೊತ್ತಾ? ಮಕ್ಕಳ ಓದಿನ ಪುಸ್ತಕ. 1872ರಲ್ಲಿ ಅಜ್ಬುಕಾ, ಅಂದರೆ ಅಕ್ಷರಮಾಲೆ, ಹೊರಬಂತು. ಆ ವರ್ಷವೇ ಮನೆಯಲ್ಲಿ ಮತ್ತೆ ಶಾಲೆ, ಈ ಸಲ ಹೆಂಡತಿ ಮತ್ತು ದೊಡ್ಡ ಮಕ್ಕಳೂ ಹಳ್ಳಿ ಮಕ್ಕಳಿಗೆ ಪಾಠ ಹೇಳಿದರು. ಪಂಡಿತರು ಪುಸ್ತಕವನ್ನು ಟೀಕಿಸಿದರು. ಬಿಡದೆ ತಿದ್ದಿ 1875ರಲ್ಲಿ ಹೊಸ ಅಜ್ಬುಕಾ ತಂದ. ಅದು ರಷ್ಯದ ಶಾಲೆಗಳಿಗೆಲ್ಲ ಹರಡಿತು, ಮುದ್ರಣದ ಮೇಲೆ ಮುದ್ರಣ ಕಂಡಿತು. ಅದರಲ್ಲಿ ಫಿಲಿಪೋಕ್ ಎಂಬ ಪುಟಾಣಿಯ ಕಥೆ ಇದೆ. ನೀನಿನ್ನೂ ಚಿಕ್ಕವನು ಅಂತ ಅಮ್ಮ ತಡೆದರೂ, ಬೀದಿ ನಾಯಿಗಳಿಗೆ ಹೆದರಿ ಅಳುತ್ತಲೇ, ತಾನೇ ಶಾಲೆ ಹುಡುಕಿಕೊಂಡು ಹೋಗುವ ಹುಡುಗ ಅವನು. ಯಾರೂ ದಬ್ಬದೆ ತಾನಾಗಿ ಬಂದ ಮಗು. ಮೇಷ್ಟ್ರು ಟಾಲ್‌ಸ್ಟಾಯ್ ಕನಸಿನ ವಿದ್ಯಾರ್ಥಿ ಅಂದರೆ ಅವನೇ.

ಇನ್ನೊಂದು ಮಾತು ಹೇಳದಿದ್ದರೆ ಕಥೆ ಪೂರ್ತಿಯಾಗೋದಿಲ್ಲ. ಹಳ್ಳಿ ಮಕ್ಕಳ ಜೊತೆ ಅಷ್ಟು ತಾಳ್ಮೆ ಇದ್ದ ಮನುಷ್ಯ ಸ್ವಂತ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ತಾಳ್ಮೆ ಕಳೆದುಕೊಳ್ಳುತ್ತಿದ್ದ. ಅಪ್ಪನ ಲೆಕ್ಕದ ಪಾಠ ಅಂದರೆ ಎಷ್ಟು ಕಷ್ಟ ಅಂತ ಮಗಳು ತತ್ಯಾನಾ ಮುಂದೆ ಬರೆದಿದ್ದಾಳೆ. ಮನೆಗೆ ಜರ್ಮನ್, ಫ್ರೆಂಚ್, ಇಂಗ್ಲಿಷ್ ಮೇಷ್ಟ್ರುಗಳೂ ಬಂದರು, ಥೇಟ್ ಅವನ ಬಾಲ್ಯದ ಹಾಗೆ. ಊರ ಮಕ್ಕಳಿಗೆ ಆಯ್ಕೆ ಕೊಡೋದು ಸುಲಭ, ಸ್ವಂತ ಮಕ್ಕಳಿಗೆ ಕೊಡೋದು ಕಷ್ಟ. ಟಾಲ್‌ಸ್ಟಾಯ್‌ನಂಥವನಿಗೂ ಕಷ್ಟವಾಯಿತು.

ಗಾಂಧಿಯವರ ತನಕ

ಐವತ್ತರ ನಂತರ ಟಾಲ್‌ಸ್ಟಾಯ್ ಬೇರೆಯೇ ಮನುಷ್ಯನಾದ. ಆಸ್ತಿ, ಸೈನ್ಯ, ಚರ್ಚಿನ ಅಧಿಕಾರ ಎಲ್ಲವನ್ನೂ ಪ್ರಶ್ನಿಸಿದ. 1901ರಲ್ಲಿ ಚರ್ಚು ಅವನನ್ನು ಹೊರಗಿಟ್ಟಿತು. ಬಲವಂತ ಅನ್ನೋದು ಎಲ್ಲಿದ್ದರೂ ತಪ್ಪು ಅನ್ನುವ ಅವನ ಮುಪ್ಪಿನ ಮಾತು, ತರಗತಿಯಲ್ಲಿ ಬೆತ್ತ ಕೆಳಗಿಟ್ಟ ದಿನವೇ ಮೊಳಕೆಯೊಡೆದಿತ್ತು ಅನ್ನಬಹುದು.

ದಕ್ಷಿಣ ಆಫ್ರಿಕಾದಲ್ಲಿದ್ದ ನಮ್ಮ ಗಾಂಧಿ ಅವನ ಪುಸ್ತಕ ಓದಿ ಬೆರಗಾದರು. 1909ರಿಂದ ಇಬ್ಬರ ನಡುವೆ ಪತ್ರ ವ್ಯವಹಾರ ನಡೆಯಿತು. 1910ರಲ್ಲಿ ಜೊಹಾನ್ಸ್‌ಬರ್ಗ್ ಹತ್ತಿರ ಗೆಳೆಯ ಕಾಲೆನ್‌ಬಾಕ್ ಕೊಟ್ಟ 1,100 ಎಕರೆ ಜಾಗದಲ್ಲಿ ಗಾಂಧಿ ಆಶ್ರಮ ಕಟ್ಟಿದಾಗ ಅದಕ್ಕೆ ಇಟ್ಟ ಹೆಸರು ಟಾಲ್‌ಸ್ಟಾಯ್ ಫಾರ್ಮ್. ಅಲ್ಲಿ ಗಾಂಧಿಯೂ ಮೇಷ್ಟ್ರಾದರು. ಪಠ್ಯಪುಸ್ತಕದ ಹಂಗು ಹೆಚ್ಚಿಗೆ ಇಟ್ಟುಕೊಳ್ಳದೆ, ತೋಟದ ಕೆಲಸ, ಚಪ್ಪಲಿ ಹೊಲಿಗೆಯ ಜೊತೆಜೊತೆಗೆ ಮಕ್ಕಳಿಗೆ ಪಾಠ ಹೇಳಿದರು. ಯೂರೋಪಿನಲ್ಲಿ 1921ರಲ್ಲಿ ಎ.ಎಸ್. ನೀಲ್ ಶುರುಮಾಡಿದ, ಮುಂದೆ ಇಂಗ್ಲೆಂಡಿನಲ್ಲಿ ಸಮ್ಮರ್‌ಹಿಲ್ ಎಂದು ಹೆಸರಾದ ಶಾಲೆಯಲ್ಲೂ ಪಾಠಕ್ಕೆ ಬರೋದು ಬಿಡೋದು ಮಕ್ಕಳ ಇಷ್ಟ. ಆ ಶಾಲೆ ಇವತ್ತಿಗೂ ನಡೆಯುತ್ತಿದೆ. ಅಲ್ಲಿಗೆ ಮಕ್ಕಳಿಗೆ ಆಯ್ಕೆ ಕೊಡೋದು ಬರೀ ಹುಚ್ಚು ಕನಸಲ್ಲ ಅಂತಾಯಿತು.

1910ರ ನವೆಂಬರ್ 20ರಂದು, ಮನೆ ಬಿಟ್ಟು ಹೊರಟ 82ರ ಟಾಲ್‌ಸ್ಟಾಯ್ ಅಸ್ತಾಪೊವೊ ಎಂಬ ಸಣ್ಣ ರೈಲ್ವೆ ಸ್ಟೇಷನ್ನಿನಲ್ಲಿ ತೀರಿಕೊಂಡ. ಬಾಲ್ಯದಲ್ಲಿ ಅಣ್ಣ ನಿಕೊಲಾಯ್ ಒಂದು ಕಥೆ ಕಟ್ಟಿದ್ದ. ಲೋಕದ ಜನರೆಲ್ಲ ಸುಖವಾಗಿರುವ ಗುಟ್ಟನ್ನು ಒಂದು ಹಸಿರು ಕಡ್ಡಿಯ ಮೇಲೆ ಬರೆದು ಕಾಡಿನ ಕಣಿವೆಯಂಚಿನಲ್ಲಿ ಹೂತಿಟ್ಟಿದೆ ಅಂತ. ಟಾಲ್‌ಸ್ಟಾಯ್ ಆಸೆಯಂತೆ ಅವನನ್ನು ಮಣ್ಣು ಮಾಡಿದ್ದು ಅದೇ ಜಾಗದಲ್ಲಿ. ಶಿಲುಬೆ ಇಲ್ಲ, ಹೆಸರು ಕೆತ್ತಿದ ಕಲ್ಲೂ ಇಲ್ಲ. ಹುಲ್ಲು ಬೆಳೆದ ಮಣ್ಣಿನ ದಿಬ್ಬ ಅಷ್ಟೇ.

ಮತ್ತೆ ಆ ಫೆದ್ಕಾ ಏನಾದ? ಅವನ ನಿಜ ಹೆಸರು ವಸೀಲಿ ಮೊರೊಜೊವ್. ದೊಡ್ಡ ಲೇಖಕನೇನೂ ಆಗಲಿಲ್ಲ, ತುಲಾ ಪಟ್ಟಣದಲ್ಲಿ ಕುದುರೆ ಗಾಡಿ ಹೊಡೆದು ಬದುಕಿದ. ಬಡವರ ಮಗನಿಗೆ ಪ್ರತಿಭೆ ಇದ್ದರೂ ಮೂರು ವರ್ಷದ ಶಾಲೆ ಮುಚ್ಚಿದ ಮೇಲೆ ಮುಂದಿನ ದಾರಿ ಕಾಣಲಿಲ್ಲ ಅನ್ನೋದು ಕಹಿ ಸತ್ಯ. ಆದರೆ ಅವನು ಆ ಶಾಲೆಯನ್ನು ಮರೆಯಲಿಲ್ಲ. ವಯಸ್ಸಾದ ಮೇಲೆ ಕೂತು, ತಾನು ಹೆದರುತ್ತಾ ಮೊದಲ ದಿನ ಹೊಸ್ತಿಲು ದಾಟಿದ್ದರಿಂದ ಹಿಡಿದು ಮೇಷ್ಟ್ರ ಜೊತೆ ಓಡಾಡಿದ ದಿನಗಳ ನೆನಪನ್ನೆಲ್ಲ ಬರೆದಿಟ್ಟ. ಯಾರ ಒತ್ತಾಯವೂ ಇಲ್ಲದೆ.